ಏಳನೆಯ ಕಲಮು

ಮಾರ್ಚ್ ತಿಂಗಳ ಮೊದಲ ಮಂಗಳವಾರ.
ವರ್ಮಾಂಟಿನ ಹಾರ್ಕ್‌ನೆಸ್ ಮಿಲ್ಸ್ ಎಂಬ ಊರು,
ಶಾಲೆಯ ಆಟದ ಹಾಲ್‌ನಲ್ಲಿ ಬಾಸ್ಕೆಟ್‌ಬಾಲಿನ ಬಳೆಯ ಕೆಳಗೆ
ನೂರ ಅರವತ್ತೆಂಟು ಮಡಚುವ ಕುರ್ಚಿ.
ಬಾಗಿಲಲ್ಲಿ ಕೆಸರು ಮೆತ್ತಿದ ಬೂಟು,
ಮೂಲೆಯಲ್ಲಿ ಆರನೇ ಕ್ಲಾಸಿನವರು
ಪ್ರವಾಸದ ಖರ್ಚಿಗೆಂದು ಮಾರುವ ಸೇಬಿನ ಪೈ.
ನಾನು ಬರೆದುಕೊಳ್ಳುವವಳು.
ಹೋದ ವರ್ಷ ತಪ್ಪು ಹೊತ್ತಲ್ಲಿ ಕೈಯೆತ್ತಿ
ಊರಿನ ಗುಮಾಸ್ತೆಯಾದೆ.

ಒಂದನೇ ಕಲಮು: ರಸ್ತೆಗೆ ಉಪ್ಪು. ಒಪ್ಪಿಗೆ.
ಎರಡನೆಯದು: ಸ್ಮಶಾನದ ಹುಲ್ಲು ಕೊಯ್ಯಲು ಒಂಬೈನೂರು ಡಾಲರು.
ಅರ್ಧ ಗಂಟೆ ಜಗಳ.
ಸಣ್ಣ ಮೊತ್ತ ಎಲ್ಲರಿಗೂ ಅರ್ಥವಾಗುತ್ತೆ,
ಅದಕ್ಕೇ ಅದರ ಮೇಲೆ ಎಲ್ಲರ ಹಲ್ಲು.

ಏಳನೆಯದು, ಜುಲೈ ನೆರೆ ಒಯ್ದ ಸೇತುವೆ.
ಆರು ಲಕ್ಷ ಡಾಲರಿನ ಬಾಂಡು,
ಇಪ್ಪತ್ತು ವರ್ಷ, ನೂರಕ್ಕೆ ನಾಲ್ಕು ಬಡ್ಡಿ.
ಈಗ ಯಾರೂ ಪೈ ತಿನ್ನುತ್ತಿಲ್ಲ.

ಆಲ್ಡೆನ್ ಪ್ರೌಟಿ ಎದ್ದ.
ಗ್ರಾನೈಟ್ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಕಲ್ಲು ಕೊಯ್ದ ಕೈ
ಮುಂದಿನ ಕುರ್ಚಿಯ ಬೆನ್ನು ಹಿಡಿದಿತ್ತು.
"ಕೈಯಲ್ಲಿಲ್ಲದ ದುಡ್ಡಲ್ಲಿ ಒಂದು ಮೊಳೆ ಕೊಂಡವನಲ್ಲ ನಾನು.
ವಾಷಿಂಗ್ಟನ್ನಿನವರಿಗೇನು, ನೋಟು ಅವರದೇ.
ನಮಗಿರೋದು ಈ ಮನೆಗಳು, ಅದರ ಮೇಲಿನ ತೆರಿಗೆ.
ಅದನ್ನ ಇನ್ನೆಷ್ಟು ಹಿಂಡ್ತೀರಿ?"

ಹಾಸಿಗೆ ಇದ್ದಷ್ಟು ಕಾಲು ಚಾಚು!
ಈ ಗಾದೆ ನನಗಿಂತ ಮೊದಲೇ ಇಲ್ಲಿಗೆ ಬಂದು ನೆಲೆಸಿದೆ.
ಆದರೆ ಕಾಲು ಇನ್ನೂ ಬೆಳೆಯುವ ಮಗು
ಅದೇ ಹಾಸಿಗೆಯಲ್ಲಿ ಮಲಗಿದ್ದರೆ?
ಗಾದೆ ಅದನ್ನು ಹೇಳುವುದಿಲ್ಲ.

ದಾವಣಗೆರೆಯಲ್ಲಿ ನನ್ನ ಸೋದರತ್ತೆ ಚೀಟಿ ನಡೆಸುತ್ತಿದ್ದಳು.
ಇಪ್ಪತ್ತು ಜನ, ಇಪ್ಪತ್ತು ತಿಂಗಳು.
ಅವಸರದವಳು ಮೊದಲು ಎತ್ತುತ್ತಿದ್ದಳು,
ಹೊಲಿಗೆ ಯಂತ್ರ ತರುತ್ತಿದ್ದಳು, ಕಸರು ಕಳೆದುಕೊಂಡು.
ಕಾದವಳಿಗೆ ಆ ಕಸರೇ ಲಾಭ.
"ಸಾಲ ಅಂದರೆ ಇನ್ನೇನೇ," ಅನ್ನುತ್ತಿದ್ದಳು ಅತ್ತೆ,
"ಒಬ್ಬಳ ಅವಸರ, ಇನ್ನೊಬ್ಬಳ ತಾಳ್ಮೆ."

ಖಜಾಂಚಿ ವರ್ನಾ ಲಕಾಸ್ ಕನ್ನಡಕ ಏರಿಸಿದಳು.
"ಆರು ಲಕ್ಷಕ್ಕೆ ಒಟ್ಟು ತೆರೋದು ಎಂಟು ಲಕ್ಷ ಎಂಬತ್ತಮೂರು ಸಾವಿರ.
ಮುಚ್ಚಿಡೋದಿಲ್ಲ.
ಎರಡು ಲಕ್ಷದ ಮನೆಗೆ ವರ್ಷಕ್ಕೆ ಎಪ್ಪತ್ತನಾಲ್ಕು ಡಾಲರು,
ದಿನಕ್ಕೆ ಇಪ್ಪತ್ತು ಸೆಂಟು.
ಸೇತುವೆ ಅರವತ್ತು ವರ್ಷ ನಿಲ್ಲುತ್ತೆ. ಅದರ ಮೇಲೆ ಓಡಾಡೋರೆಲ್ಲ
ಇವತ್ತು ಈ ಹಾಲ್‌ನಲ್ಲಿಲ್ಲ.
ಅವರ ಪಾಲನ್ನೂ ಇವತ್ತೇ ನಾವೇ ಕಟ್ಟಬೇಕೆ?"

ಶಾಲೆಬಸ್ಸಿನ ಓಪಲ್ ಕೂತಲ್ಲಿಂದಲೇ ಕೂಗಿದಳು:
"ಹನ್ನೊಂದು ಮೈಲಿ ಬಳಸು, ದಿನಕ್ಕೆರಡು ಸಲ, ನೂರ ಎಂಬತ್ತು ದಿನ.
ಡೀಸೆಲ್ಲೇ ಎರಡು ಸಾವಿರ ದಾಟಿತು!
ಕಟ್ಟದಿದ್ದರೂ ತೆರ್ತಾನೇ ಇದ್ದೀವಿ, ರಸೀದಿ ಇಲ್ಲ ಅಷ್ಟೆ."
ಕೆಲಸವಾದರೂ ನಮ್ಮೂರಿನವರಿಗೆ ಸಿಗುತ್ತದೆಯೇ ಎಂದು ಯಾರೋ ಕೇಳಿದರು.
ಇಲ್ಲ. ಕಡಿಮೆ ದರ ಕೊಟ್ಟ ಕಂಟ್ರಾಕ್ಟರು
ನ್ಯೂ ಹ್ಯಾಂಪ್‌ಶೈರಿನವನು.
ಮಧ್ಯಾಹ್ನದ ಊಟ ಮಾತ್ರ ಇಲ್ಲಿ.

ಆಲ್ಡೆನ್ ಮತ್ತೆ ಎದ್ದ. "ಬಡ್ಡಿ ತಿನ್ನೋರು ಯಾರು, ಅದು ಹೇಳು."
ವರ್ನಾ ಕಾಗದ ಹುಡುಕಲಿಲ್ಲ.
"ಬ್ಯಾಂಕು, ವಿಮೆ, ಪಿಂಚಣಿ ನಿಧಿ.
ನಿನ್ನ ಕಲ್ಲಿನ ಶೆಡ್ಡಿನ ಪಿಂಚಣಿಯೂ ಇಂಥದ್ದನ್ನೇ
ಕೊಳ್ಳುತ್ತೆ ಆಲ್ಡೆನ್.
ನಮ್ಮ ಸಾಲ ಯಾರದೋ ಉಳಿತಾಯ,
ನಿನ್ನದೇ ಇದ್ದರೂ ಇರಬಹುದು."
ಹಾಲ್ ನಕ್ಕಿತು. ಅವನೂ ನಕ್ಕ, ಸ್ವಲ್ಪ.
ಕೂರಲಿಲ್ಲ.

ಮತದ ಚೀಟಿ ಎಣಿಸಿದೆವು, ಎರಡು ಸಲ.
ಹೌದು, ಎಂಬತ್ತಾರು. ಇಲ್ಲ, ಎಂಬತ್ತೊಂದು.
ಒಂದು ಖಾಲಿ.

ಕುರ್ಚಿ ಮಡಚುವಾಗ ಆಲ್ಡೆನ್ ನನ್ನ ಮೇಜಿಗೆ ಬಂದ.
"ನಾನು ಬೇಡ ಅಂದದ್ದನ್ನೂ ಬರೆದಿದ್ದೀಯ ತಾನೆ?"
ತೋರಿಸಿದೆ. ಬೆರಳಿಟ್ಟು ಓದಿದ,
ಹೆಸರಿನ ಒಂದು ಅಕ್ಷರ ತಿದ್ದಿಸಿದ.
"ಸರಿ. ಹಾಗಾದರೆ ಕಟ್ತೀನಿ."

ಹೊರಗೆ ಕತ್ತಲು, ಕೆಸರು ಗಟ್ಟಿಯಾಗುತ್ತಿತ್ತು.
ಅವನ ಮನೆ ಹೊಳೆಯಾಚೆ,
ದೀಪ ಇಲ್ಲಿಂದ ಕಾಣುತ್ತೆ.
ಟ್ರಕ್ಕು ಎಡಕ್ಕೆ ತಿರುಗಿತು,
ಹನ್ನೊಂದು ಮೈಲಿಯ ದಾರಿಗೆ.